ಇಲ್ಮೊ ಬಿಟ್ಟುಹೋದ ಹುಳಿ

ರುಸ್ಕೊವಾರಾದ ಜನ ಮಾತಿಗೆ ಬಡವರು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಎಲ್ಲ ಊರಿನವರೂ ಹೇಳುತ್ತಾರೆ. ಇವರು ಅದನ್ನು ನಂಬಿಬಿಟ್ಟಿದ್ದಾರೆ. ನಂಬಿ, ಆ ಬಂಗಾರವನ್ನು ಮನೆಮನೆಯಲ್ಲೂ ಕೂಡಿಹಾಕಿಕೊಂಡು ಚಳಿಗಾಲವಿಡೀ ಅದರ ಮೇಲೆ ಕುಳಿತಿರುತ್ತಾರೆ. ಈ ಲೆಕ್ಕದಲ್ಲಿ ಸೈಮಿ ಹುವೊತರಿಯಷ್ಟು ಸಿರಿವಂತೆ ಊರಿನಲ್ಲಿ ಇನ್ನೊಬ್ಬಳಿರಲಿಲ್ಲ. ಅವಳಿಗೆ ಐವತ್ತಾರು ವರ್ಷ. ಮದುವೆಯಾಗಿರಲಿಲ್ಲ. ಮುಚ್ಚಿಹೋದ ತಾಮ್ರದ ಗಣಿಯ ಕೆಳಗೆ, ಕೆಂಪು ತೊರೆಯ ದಡದ ಸುಣ್ಣದ ಕೇಂದ್ರದಲ್ಲಿ ಅವಳ ಕೆಲಸ. ಮನೆ ಅಲ್ಲಿಂದ ಕೂಗಳತೆಯಲ್ಲಿ. ಕೂಗುವವರು ಯಾರೂ ಇರಲಿಲ್ಲ, ಅದು ಬೇರೆ ಮಾತು.

ತಿಂಗಳ ಮೊದಲ ಭಾನುವಾರ ಮಾತ್ರ ಅವಳ ಮನೆಯಲ್ಲಿ ಸಡಗರ. ಬೆಳಗ್ಗೆಯೇ ಏಲಕ್ಕಿ ಬನ್ನು ಬೇಯುತ್ತಿತ್ತು. ಒಲೆಯಲ್ಲಿ ಸುಟ್ಟ ಗಿಣ್ಣನ್ನು ತುಂಡು ಮಾಡಿ ಬಟ್ಟಲಿಗೆ ಹಾಕಿ, ಮೇಲೆ ಬಿಸಿ ಕಾಫಿ ಸುರಿದು, ಫೋನನ್ನು ಎದುರಿಗೆ ಇಟ್ಟುಕೊಂಡು ಅವಳು ಕಿಟಕಿಯ ಪಕ್ಕ ಕೂರುತ್ತಿದ್ದಳು. ಕಾಫಿಯಲ್ಲಿ ಗಿಣ್ಣು ಮೆತ್ತಗಾಗುವ ಹೊತ್ತಿಗೆ ಫೋನ್ ಬರುತ್ತಿತ್ತು. ಗಡಿಯಾಚೆ, ಸ್ವೀಡನ್ನಿನ ಲುಲಿಯೊ ಪಟ್ಟಣದಿಂದ ಇಲ್ಮೊ ಯುಂತುನೆನ್ ಮಾಡುವ ಫೋನು. ಏಳು ಚಳಿಗಾಲದಿಂದ ಅದು ಒಮ್ಮೆಯೂ ತಪ್ಪಿರಲಿಲ್ಲ.

ಆ ಜನವರಿಯಲ್ಲೂ ಬಂತು.

"ಸೈಮಿ."

"ಹೂಂ."

"ಇಲ್ಮೊ ಮಾತಾಡ್ತಿರೋದು."

"ಗೊತ್ತಾಯ್ತು."

"ಚಳಿ ಹೇಗಿದೆ ಅಲ್ಲಿ?"

"ಸೊನ್ನೆಗಿಂತ ಮೂವತ್ತು ಕೆಳಗೆ ಇಳಿದಿದೆ. ಅಲ್ಲಿ?"

"ಅಷ್ಟಿಲ್ಲ. ಸಮುದ್ರ ಪಕ್ಕದಲ್ಲೇ ಇದೆಯಲ್ಲ." ಆಮೇಲೆ ಎಂದಿನ ಪ್ರಶ್ನೆ: "ಬದುಕಿದಾವಾ?"

"ಬದುಕಿದಾವೆ. ನಿಧಾನ. ಆದ್ರೆ ಬದುಕಿದಾವೆ."

ಇಷ್ಟಾದ ಮೇಲೆ ಎಂದಿನ ಹಾಗೆ "ಸರಿ ಹಾಗಾದ್ರೆ" ಎಂದು ಇಬ್ಬರೂ ಫೋನ್ ಇಡಬೇಕಿತ್ತು. ಇಲ್ಮೊ ಇಡಲಿಲ್ಲ. ಮಾರ್ಚಿನಲ್ಲಿ ತನಗೆ ನಿವೃತ್ತಿ, ಅಷ್ಟರೊಳಗೆ ಒಮ್ಮೆ ಬಂದು ಸೀಸೆಗಳನ್ನು ತೆಗೆದುಕೊಂಡು ಹೋಗುತ್ತೇನೆ, ಇಷ್ಟು ವರ್ಷ ನಿನಗೆ ಸುಮ್ಮನೆ ಹೊರೆಯಾಯಿತು ಎಂದ. ಸೈಮಿ "ಆಗ್ಲಿ" ಎಂದಳು. ಬಟ್ಟಲಿನ ಕಾಫಿ ತಣ್ಣಗಾಯಿತು. ಅವಳು ಅದನ್ನು ಕುಡಿಯದೆ ಚೆಲ್ಲಿದಳು. ಕಾಫಿ ಚೆಲ್ಲುವುದು ಈ ಊರಿನಲ್ಲಿ ಸಣ್ಣ ವಿಷಯವಲ್ಲ.

ಸೀಸೆಗಳು ನಾಲ್ಕು. ಮನೆಯ ಹಿಂದಿನ ಗುಡ್ಡದೊಳಗೆ ಕೊರೆದ ಆಲೂಗಡ್ಡೆಯ ನೆಲಮಾಳಿಗೆಯಲ್ಲಿ, ಕೊನೆಯ ಹಲಗೆಯ ಮೇಲೆ ಅವು ಇದ್ದವು. ಒಳಗಿದ್ದದ್ದು ಕಣ್ಣಿಗೆ ಕಾಣದ ಜೀವಿಗಳು, ಹುಳಿಯಲ್ಲಿ ಹುಟ್ಟಿ ಹುಳಿಯಲ್ಲೇ ಬಾಳುವವು. ಗಣಿಯೊಳಗಿನ ಕಲ್ಲಿನ ಕಬ್ಬಿಣ, ಗಂಧಕ ಇವುಗಳ ಊಟ. ಉಂಡು ಬಿಟ್ಟದ್ದೆಲ್ಲ ತೊರೆಗೆ ಇಳಿದು ನೀರನ್ನು ಕೆಂಪಗೆ ಮಾಡುತ್ತದೆ, ನಿಂಬೆರಸಕ್ಕಿಂತ ಹುಳಿ ಮಾಡುತ್ತದೆ. ಆ ನೀರು ಹಾಗೆಯೇ ಸರೋವರಕ್ಕೆ ಸೇರಿದರೆ ಮೀನು ಉಳಿಯುವುದಿಲ್ಲ. ಅದಕ್ಕೇ ಸುಣ್ಣದ ಕೇಂದ್ರ. ಅದಕ್ಕೇ ಸೈಮಿಗೆ ಸಂಬಳ. ಬೆಳಗ್ಗಿನಿಂದ ಸಂಜೆಯವರೆಗೆ ತೊರೆಗೆ ಸುಣ್ಣದ ಹಾಲು ಸುರಿದು ಆ ಜೀವಿಗಳ ಹುಳಿಯನ್ನು ಮುರಿಯುವುದು ಅವಳ ಕೆಲಸ.

"ಹಗಲೆಲ್ಲಾ ಕೊಲ್ತೀಯ, ಸಾಯಂಕಾಲ ಹೋಗಿ ಅನ್ನ ಹಾಕ್ತೀಯ," ಎಂದು ಅವಳ ಅಣ್ಣ ಕೌನೊ ಗೇಲಿ ಮಾಡುತ್ತಿದ್ದ. "ನಿನ್ನಂಥ ತಾಯಿ ಯಾರಿಗೂ ಬೇಡಪ್ಪ."

ಕೌನೊ ಗಣಿಯಲ್ಲೇ ದುಡಿದು ಮುದುಕನಾದವನು, ಈಗ ಅಂಗಳದ ಆಚೆ ಮನೆಯಲ್ಲಿ ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಇದ್ದ. ಊರಿನಲ್ಲಿ ಮಾತಾಡುವವನು ಎಂದು ಹೆಸರಾಗಿದ್ದವನು ಅವನೊಬ್ಬನೇ. ಅಂದರೆ ಬೇರೆ ಊರಿನ ಅಳತೆಯಲ್ಲಿ ಸಾಧಾರಣ ಮನುಷ್ಯ.

ಇಲ್ಮೊ ಈ ಊರಿಗೆ ಬಂದದ್ದು ಒಂದು ಬೇಸಿಗೆಯ ಮಟ್ಟಿಗೆ. ವಿಶ್ವವಿದ್ಯಾಲಯದವರು ಕಳಿಸಿದ್ದರು. ಬಿಸಿ ಜಾಗದಲ್ಲಿ ಈ ಜೀವಿಗಳು ಬೆಳೆಯುವುದು ಎಲ್ಲರಿಗೂ ಗೊತ್ತಿತ್ತು. ನೀರು ಹೆಪ್ಪುಗಟ್ಟುವ ಚಳಿಯಲ್ಲೂ ರುಸ್ಕೊವಾರಾದ ತೊರೆ ಹೇಗೆ ಕೆಂಪಾಗಿಯೇ ಹರಿಯುತ್ತದೆ ಎಂಬುದು ಗೊತ್ತಿರಲಿಲ್ಲ. ಅದನ್ನು ನೋಡಲು ಬಂದವನು ಸೈಮಿಯ ಮೇಲಂತಸ್ತಿನ ಕೋಣೆಯನ್ನು ಬಾಡಿಗೆಗೆ ಹಿಡಿದ. ಬೇಸಿಗೆ ಮುಗಿಯಿತು, ಚಳಿಗಾಲ ಬಂತು, ಇನ್ನೊಂದು ಬಂತು. ಹತ್ತು ವರ್ಷ ಅವನು ಹೋಗಲೇ ಇಲ್ಲ. ಗಣಿಯ ಸುರಂಗದ ಗೋಡೆಯಿಂದ ಲೋಳೆ ಕೆರೆದು ತಂದು, ಹುಳಿನೀರಿಗೆ ಕಬ್ಬಿಣದ ಹಸಿರು ಉಪ್ಪು ಹಾಕಿ, ಅದರಲ್ಲಿ ಬಿಟ್ಟು ಅವಳ ನೆಲಮಾಳಿಗೆಯಲ್ಲಿ ಇಡುತ್ತಿದ್ದ. ಚಳಿ ತಡೆಯದವು ಸಾಯುತ್ತಿದ್ದವು. ಉಳಿದವನ್ನು ಹೊಸ ನೀರಿಗೆ ಬಿಡುತ್ತಿದ್ದ. ವರ್ಷದಿಂದ ವರ್ಷಕ್ಕೆ ಹೀಗೆ ಸೋಸಿ ಸೋಸಿ, ಕೊನೆಗೆ ಚಳಿಗೆ ಜಗ್ಗದ ಒಂದು ಸಂತತಿ ಅವನ ಕೈಗೆ ಬಂತು.

ಅದು ಹೇಗೆ ಬದುಕುತ್ತದೆ ಎಂದು ಅವಳಿಗೆ ಹೇಳಿದ್ದು ಒಂದು ಅಕ್ಟೋಬರ್ ಮಧ್ಯಾಹ್ನ, ಅಡುಗೆಮನೆಯಲ್ಲಿ. ಅವಳು ಹಿಮಸಾರಂಗದ ಕಾಲುಗಳನ್ನು ಬೇಯಿಸಿ ಮೂಳೆ ಒಡೆಯುತ್ತಿದ್ದಳು.

"ತೊಡೆ ಹತ್ತಿರದ ಕೊಬ್ಬು ನೋಡು, ತಣ್ಣಗಾದ್ರೆ ಮೇಣದ ಹಾಗೆ ಗಟ್ಟಿ," ಎಂದ. "ಗೊರಸಿನ ಹತ್ತಿರದ್ದು?"

"ಅದು ಗಟ್ಟಿ ಆಗಲ್ಲ. ಎಣ್ಣೆ ಥರಾನೇ ಇರತ್ತೆ. ನಮ್ಮಮ್ಮ ಅದನ್ನೇ ಬೂಟಿಗೆ ಹಚ್ತಾ ಇದ್ಲು."

"ಯಾಕೆ ಅಂತ ಹೇಳು."

"ಗೊರಸು ಹಿಮದಲ್ಲೇ ಇರತ್ತಲ್ಲ. ಗಟ್ಟಿಯಾದ್ರೆ ನಡೆಯೋದು ಹೇಗೆ."

"ಅಷ್ಟೇ. ನನ್ನ ಹುಳಿಜೀವಿಗಳೂ ಅದನ್ನೇ ಮಾಡ್ತಾವೆ. ಚಳಿ ಬಂದ ಕೂಡ್ಲೆ ಮೈ ಚರ್ಮದ ಕೊಬ್ಬು ಬದಲಾಯಿಸ್ಕೊಂಡು ಮೆತ್ತಗೆ ಇಟ್ಕೋತಾವೆ. ಲೋಳೆಯೊಳಗೆ ಒಂದಕ್ಕೊಂದು ಅಂಟ್ಕೊಂಡಿರ್ತಾವೆ. ಆಮೇಲೆ ಎಲ್ಲಾ ಕೆಲಸ ನಿಧಾನ ಮಾಡ್ತಾವೆ. ಬೇರೆ ಕಡೆ ನಾಲ್ಕು ದಿನಕ್ಕೆ ಉಣ್ಣೋದನ್ನ ಇಲ್ಲಿ ನಾಲ್ಕು ವಾರ ಉಣ್ತಾವೆ. ಆದ್ರೆ ನಿಲ್ಲಿಸಲ್ಲ."

ಇಷ್ಟು ಉದ್ದ ಅವನು ಬೇರೆ ಯಾವ ವಿಷಯಕ್ಕೂ ಮಾತಾಡಿದ್ದು ಅವಳಿಗೆ ನೆನಪಿಲ್ಲ. ಅವನ ಕೈ ಮೇಜಿನ ಮೇಲಿತ್ತು, ಅವಳ ಕೈಗೆ ಒಂದು ಗೇಣು ದೂರ. ಆ ಗೇಣನ್ನು ಇಬ್ಬರೂ ಹತ್ತು ವರ್ಷ ಹಾಗೆಯೇ ಕಾಪಾಡಿಕೊಂಡು ಬಂದರು. ಗಡಿಕಲ್ಲು ಕೂಡ ಅಷ್ಟು ನಿಯತ್ತಾಗಿ ನಿಲ್ಲುವುದಿಲ್ಲ.

ಆಮೇಲೆ ವಿಶ್ವವಿದ್ಯಾಲಯ ಹಣ ನಿಲ್ಲಿಸಿತು. ಅವನಿಗೆ ಲುಲಿಯೊದಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಕಾರಿಗೆ ಸಾಮಾನು ತುಂಬಿ, ಕೈಗವಸು ಹಾಕಿಕೊಂಡು, ಮತ್ತೆ ತೆಗೆದು, "ಸೀಸೆಗಳು ಇಲ್ಲೇ ಇರ್ಲಾ? ನಿನ್ನ ನೆಲಮಾಳಿಗೆ ಅವಕ್ಕೆ ಒಗ್ಗಿದೆ" ಎಂದ. ಅವಳು "ಇರ್ಲಿ" ಎಂದಳು. ಇನ್ನೊಂದು ಮಾತು ಬರಬಹುದೆಂದು ನಿಂತಳು. ಅವನೂ ನಿಂತ. ಆಮೇಲೆ ಕಾರು ಹೋಯಿತು.

ಹಾಗೆ ಉಳಿದ ಸೀಸೆಗಳು ಅವು. ಅವು ಬದುಕಿರುವವರೆಗೆ ಫೋನು ಬರುತ್ತದೆ. ಇದು ಸೈಮಿಗೆ ಚೆನ್ನಾಗಿ ಗೊತ್ತಿತ್ತು. ಅಷ್ಟೇ ಚೆನ್ನಾಗಿ, ಮಾರ್ಚಿನಲ್ಲಿ ಅವನು ಬಂದು ಅವನ್ನು ಒಯ್ದರೆ ಆಮೇಲೆ ಯಾವ ಭಾನುವಾರವೂ ಫೋನು ಬರುವುದಿಲ್ಲ ಎಂಬುದೂ ಗೊತ್ತಿತ್ತು. ಅವನು ಬರುತ್ತಾನೆಂಬ ಹಿಗ್ಗು ಒಂದು ಕಡೆ, ಬಂದು ಮುಗಿಸಿಬಿಡುತ್ತಾನೆಂಬ ಸಂಕಟ ಇನ್ನೊಂದು ಕಡೆ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ, ಉಗುಳುವಂತಿಲ್ಲ, ನುಂಗುವಂತಿಲ್ಲ.

ಜನವರಿಯ ಕೊನೆಗೆ ಚಳಿ ಇನ್ನೂ ಇಳಿಯಿತು. ಸೊನ್ನೆಯ ಕೆಳಗೆ ನಲವತ್ತಕ್ಕೆ ಒಂದೇ ಕಡಿಮೆ. ಅಂಥ ಚಳಿಯಲ್ಲಿ ನೆಲಮಾಳಿಗೆಯೊಳಗೂ ಮಂಜು ನುಗ್ಗುತ್ತದೆ, ಅದಕ್ಕೆ ಸೈಮಿ ಒಂದು ಲಾಟೀನು ಹಚ್ಚಿ ಒಳಗೆ ಇಟ್ಟಿರುತ್ತಿದ್ದಳು. ಆಲೂಗಡ್ಡೆ ಹೆಪ್ಪುಗಟ್ಟದಷ್ಟು ಬಿಸಿ ಅದರಿಂದ ಸಾಕು. ಅದೇ ಹೊತ್ತಿಗೆ ಅವಳ ದವಡೆ ಹಲ್ಲು ಕೆರಳಿತು. ಶುಕ್ರವಾರ ಕಯಾನಿ ಪಟ್ಟಣಕ್ಕೆ ಹೋಗಿ ಹಲ್ಲು ಕೀಳಿಸಿಕೊಂಡು ಹೊರಬಂದರೆ ಕಾರು ಚಾಲೂ ಆಗಲಿಲ್ಲ. ಅಲ್ಲೇ ಚಿಕ್ಕಮ್ಮನ ಮಗಳ ಮನೆಯಲ್ಲಿ ಉಳಿದಳು. ಲಾಟೀನಿನ ಎಣ್ಣೆ ಒಂದು ದಿನದ್ದು. ಕೌನೊಗೆ ಫೋನ್ ಮಾಡಿ, ದವಡೆ ಊದಿದ ಬಾಯಲ್ಲೇ, "ನೆಲಮಾಳಿಗೆ ನೋಡ್ಕೋ" ಎಂದಳು.

ಕೌನೊ ನೋಡಿಕೊಂಡ. ಅವನು ಹೋಗುವಷ್ಟರಲ್ಲಿ ಲಾಟೀನು ಆರಿತ್ತು, ಬಾಗಿಲಿನ ಒಳಗಡೆ ಬಿಳಿ ರೋಮದಂತೆ ಮಂಜು ಬೆಳೆದಿತ್ತು. ಮೊದಲು ಆಲೂಗಡ್ಡೆ ಪೆಟ್ಟಿಗೆಗಳನ್ನು ಹೊತ್ತು ಅವಳ ಅಡುಗೆಮನೆಗೆ ಹಾಕಿದ. ಆಮೇಲೆ ಸೀಸೆಗಳನ್ನು ನೋಡಿದ. ಬಾಯಲ್ಲಿ ಎಷ್ಟೇ ಗೇಲಿ ಮಾಡಿದರೂ ಅವು ತಂಗಿಗೆ ಏನು ಎಂಬುದು ಅವನಿಗೆ ತಿಳಿದಿತ್ತು. ಅವತ್ತು ಶನಿವಾರ. ಅಂಗಳದ ಸೌನಾ ಎಂಬ ಹಬೆಸ್ನಾನದ ಮನೆಯನ್ನು ಕಾಯಿಸಿ, ಮೈ ಬೆವರಿಸಿ, ತೊಳೆದುಕೊಂಡು, ಹೊರಡುವ ಮುಂಚೆ ಒಂದು ಸೌಟು ನೀರನ್ನು ಕಾದ ಕಲ್ಲಿನ ಮೇಲೆ ಸುರಿದ. ಆ ಕೊನೆಯ ಹಬೆ ಸೌನಾವನ್ನು ಕಾವಲು ಕಾಯುವ ದೈವ ಕುಳ್ಳಜ್ಜನಿಗೆ ಮೀಸಲು. ಅದನ್ನು ಬಿಡದೆ ಬರುವವನು ಈ ಊರಿನವನೇ ಅಲ್ಲ. ಸುರಿದು, ಕುಳ್ಳಜ್ಜನ ಜೊತೆಗೆ ಇವೂ ಬೆಚ್ಚಗಿರಲಿ ಎಂದು ನಾಲ್ಕು ಸೀಸೆಗಳನ್ನು ತಂದು ಮೇಲಿನ ಹಲಗೆಯ ಮೇಲೆ, ತನ್ನ ಒಣ ಟವೆಲ್ಲಿನಲ್ಲಿ ಸುತ್ತಿ ಕೂರಿಸಿ ಬಾಗಿಲು ಮುಚ್ಚಿದ. ಮೇಲಿನ ಹಲಗೆ ಎಂದರೆ ದೊಡ್ಡವರಿಗೆ ಕೊಡುವ ಜಾಗ.

ಭಾನುವಾರ ಮಧ್ಯಾಹ್ನ ಸೈಮಿ ಬಂದಾಗ ಅವನು ಅಂಗಳದಲ್ಲೇ ಕಾಯುತ್ತಿದ್ದ.

"ಆಲೂಗಡ್ಡೆ ಅಡುಗೆಮನೇಲಿದೆ. ನಿನ್ನ ಪಿಶಾಚಿಗಳು ಸೌನಾದಲ್ಲಿ. ಒಂದೂ ಒಡೆದಿಲ್ಲ."

ಸೈಮಿ ಚೀಲ ಹಿಮದ ಮೇಲೆಯೇ ಬಿಟ್ಟಳು. ಸೌನಾದ ಬಾಗಿಲು ತೆಗೆದರೆ ಒಂದು ಇರುಳು ಕಳೆದರೂ ಒಳಗೆ ಇನ್ನೂ ಬೆಚ್ಚಗಿತ್ತು. ಟವೆಲ್ ಬಿಚ್ಚಿ ಸೀಸೆ ಮುಟ್ಟಿದಳು. ಸ್ವೆಟರಿನೊಳಗಿನ ಮೈಯಷ್ಟೇ ಬಿಸಿ. ಕೌನೊ ಎದ್ದು ಹೋದ ಹೊತ್ತಿಗೆ ಎಷ್ಟು ಬಿಸಿ ಇದ್ದಿರಬೇಕು?

"ಏನ್ ಮಾಡ್ಬಿಟ್ಟೆ ಕೌನೊ."

"ಯಾಕೆ?"

"ಅವು ಚಳಿಯವು ಕಣೋ. ಬಿಸಿ ತಡ್ಕೊಳಲ್ಲ. ಇಪ್ಪತ್ತು ಡಿಗ್ರಿ ದಾಟಿದ್ರೇ ಸಂಕಟಪಡ್ತಾವೆ. ಇಲ್ಲಿ ಅರವತ್ತು ಇದ್ದಿರತ್ತೆ."

ಕೌನೊನ ಮುಖ ಇಳಿದುಹೋಯಿತು. "ನಮ್ಮಿಬ್ರನ್ನೂ ಅಮ್ಮ ಹೆತ್ತಿದ್ದು ಇದೇ ಹಲಗೆ ಮೇಲೆ. ಅಪ್ಪ ಸತ್ತಾಗ ಮೈ ತೊಳೆದಿದ್ದೂ ಇಲ್ಲೇ. ಸೊರಗಿದ ಕುರಿಮರೀನೂ ಇಲ್ಲೇ ತಂದಿಡ್ತೀವಿ. ಜೀವ ಇರೋದಕ್ಕೆ ಇದಕ್ಕಿಂತ ಒಳ್ಳೆ ಜಾಗ ಯಾವುದು ಸೈಮಿ? ನಂಗೆ ಹೊಳೀಲಿಲ್ಲ."

ಅವಳಿಗೆ ಬೈಯಲು ಬಾಯಿ ಬರಲಿಲ್ಲ. ಚಳಿಯಲ್ಲಿ ಯಾವುದನ್ನಾದರೂ ಬಿಟ್ಟರೆ ಸಾಯುತ್ತದೆ, ಬೆಚ್ಚಗಿಟ್ಟರೆ ಬದುಕುತ್ತದೆ, ಇಷ್ಟನ್ನು ಇಲ್ಲಿಯ ಜನ ಹಾಲಿನ ಜೊತೆ ಕುಡಿದು ಬೆಳೆದಿರುತ್ತಾರೆ. ಸೀಸೆ ಒಡೆಯಬಾರದೆಂದು ಅವನು ತನ್ನ ಟವೆಲ್ ಸುತ್ತಿದ್ದ. ಅದನ್ನು ನೋಡಿ ಅವಳಿಗೆ ಅಳುವೇ ಬಂತು.

ಸತ್ತವೋ ಇಲ್ಲವೋ ಎಂದು ಸೀಸೆ ನೋಡಿ ಹೇಳುವಂತಿರಲಿಲ್ಲ. ನೀರು ಮೊದಲಿನ ಹಾಗೆಯೇ ಚಹಾದ ಬಣ್ಣಕ್ಕಿತ್ತು. ಊಟ ಮುಗಿದ ತಟ್ಟೆ ನೋಡಿ ಉಂಡವನು ಇನ್ನೂ ಬದುಕಿದ್ದಾನೆಯೇ ಎಂದು ಹೇಳಲಾದೀತೆ? ತಿಳಿಯಬೇಕಾದರೆ ದಾರಿ ಒಂದೇ. ಅವಳು ಹೊಸದಾಗಿ ಹುಳಿನೀರು ಮಾಡಿ, ಕಬ್ಬಿಣದ ಉಪ್ಪು ಕರಗಿಸಿ, ನಾಲ್ಕು ಹೊಸ ಸೀಸೆಗಳಿಗೆ ತುಂಬಿ, ಒಂದೊಂದಕ್ಕೂ ಹಳೆಯದರಿಂದ ಒಂದೊಂದು ಚಮಚ ಬಿಟ್ಟಳು. ಹೊಸ ನೀರು ಸೌತೆಕಾಯಿ ರಸದ ಹಾಗೆ ತೆಳು ಹಸಿರು. ಜೀವ ಇದ್ದರೆ ನಿಧಾನವಾಗಿ ಹಳದಿಗೆ ತಿರುಗಿ ಕೆಂಪಾಗುತ್ತದೆ. ಇಲ್ಲದಿದ್ದರೆ ಹಸಿರಾಗಿಯೇ ಇರುತ್ತದೆ. ನಾಲ್ಕು ವಾರ, ಐದು ವಾರ ಕಾಯಬೇಕು. ಕಾಯುವುದು ಅವಳಿಗೆ ಹೊಸದೇನಲ್ಲ.

ಫೆಬ್ರವರಿಯ ಮೊದಲ ಭಾನುವಾರ ಫೋನು ಬಂತು.

"ಬದುಕಿದಾವಾ?"

ಸೈಮಿ ಕಿಟಕಿಯಾಚೆ ನೋಡಿದಳು. ಅಂಗಳದಲ್ಲಿ ಕೌನೊ ಹಿಮ ಬಳಿಯುತ್ತಿದ್ದ; ಆ ವಾರ ಅವಳು ಕೇಳದೆಯೇ ಅವನು ಅಂಗಳದ ಹಿಮವನ್ನೆಲ್ಲ ಬಳಿದು, ಸೌದೆ ಒಡೆದು, ಕಾರಿಗೆ ಹೊಸ ಬ್ಯಾಟರಿ ಹಾಕಿ ಕೊಟ್ಟಿದ್ದ.

"ಬದುಕಿದಾವೆ," ಎಂದಳು. ಜನ್ಮದಲ್ಲಿ ಅವನಿಗೆ ಹೇಳಿದ ಮೊದಲ ಸುಳ್ಳು. ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಹೆದರಿಕೆಯಾಯಿತು.

"ಸ್ವಲ್ಪ ದಣಿದಿದೀಯ ಅನ್ಸತ್ತೆ," ಎಂದ ಇಲ್ಮೊ.

"ಹಲ್ಲು ಕೀಳಿಸ್ಕೊಂಡೆ."

"ಓ." ಫೋನ್ ಇಡುವ ಬದಲು, "ನೋವಾಯ್ತಾ?"

"ಆಯ್ತು."

ಏಳು ವರ್ಷಗಳಲ್ಲಿ ಚಳಿ, ಸೀಸೆ ಬಿಟ್ಟು ಅವನು ಕೇಳಿದ ಪ್ರಶ್ನೆ ಅದೊಂದೇ. ಅವಳು ಅದನ್ನು ಆ ವಾರವೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡು ತಿರುಗಿದಳು. ನೋವಾಯ್ತಾ ಎಂದು ಕೇಳಿದ. ಸುಣ್ಣದ ಹಾಲು ಕಲಕುವಾಗ, ತೊರೆಯ ದಡದಲ್ಲಿ ಹಿಮ ತುಳಿಯುವಾಗ, ಒಮ್ಮೊಮ್ಮೆ ಬಾಯಿಬಿಟ್ಟೇ ಹೇಳಿಕೊಂಡಳು. ಐವತ್ತಾರು ವರ್ಷದ ಹೆಂಗಸು ಒಂದು ಪದಕ್ಕೆ ಇಷ್ಟು ಹಂಬಲಿಸುವುದು ನಗೆಪಾಟಲು ಎಂದು ತನ್ನನ್ನು ತಾನೇ ಗದರಿಕೊಂಡಳು. ಗದರಿದರೆ ಹಂಬಲ ಹೋಗುವುದಾಗಿದ್ದರೆ ಅದು ಎಂದೋ ಹೋಗಬೇಕಿತ್ತು.

ದಿನಾ ಕೆಲಸ ಮುಗಿಸಿ ನೆಲಮಾಳಿಗೆಗೆ ಇಳಿಯುತ್ತಿದ್ದಳು. ಸೀಸೆಯನ್ನು ಲಾಟೀನಿನ ಮುಂದೆ ಹಿಡಿದು ನೋಡುತ್ತಿದ್ದಳು. ಹಸಿರು. ಮರುದಿನವೂ ಹಸಿರು. ಒಂದೊಂದು ದಿನ ಕಣ್ಣು ಮೋಸ ಮಾಡಿ ತುಸು ಹಳದಿ ಕಂಡ ಹಾಗಾಗುತ್ತಿತ್ತು. ಬಾಗಿಲು ತೆರೆದು ಹಗಲ ಬೆಳಕಿಗೆ ಹಿಡಿದರೆ ಮತ್ತೆ ಅದೇ ಸೌತೆಕಾಯಿ ನೀರು. ಅವನು ಬಿಟ್ಟುಹೋದದ್ದರಲ್ಲಿ ಉಸಿರಾಡುವಂಥದ್ದು ಇಷ್ಟೇ ಇತ್ತು. ಮೇಲಿನ ಕೋಣೆಯಲ್ಲಿ ಅವನ ಒಂದು ಹಳೆಯ ಟೋಪಿ ಇತ್ತು, ಆದರೆ ಟೋಪಿಗೆ ಊಟ ಹಾಕಿ ಸಾಕಲು ಬರುವುದಿಲ್ಲ.

ಮೂರನೆಯ ವಾರ ಅವಳು ಒಂದು ಕಳ್ಳತನ ಮಾಡಿದಳು. ಸುರಂಗಕ್ಕೆ ಕಾಂಕ್ರೀಟು ಸುರಿದು ಮುಚ್ಚಿ ವರ್ಷಗಳಾಗಿದ್ದವು, ಒಳಗೆ ಹೋಗಿ ಲೋಳೆ ತರುವಂತಿರಲಿಲ್ಲ. ಆದರೆ ಅದರ ಕೊಳವೆಯಿಂದ ಕೆಂಪು ನೀರು ತೊರೆಗೆ ಬೀಳುತ್ತಲೇ ಇತ್ತು, ಅದರಲ್ಲೂ ಹುಳಿಜೀವಿಗಳಿದ್ದವು. ಇಲ್ಮೊ ಸೋಸಿ ತೆಗೆದ ಸಂತತಿ ಅಲ್ಲ, ಹತ್ತು ಜಾತಿಯ ಸಂತೆ. ಅದರಿಂದ ಒಂದು ಚಮಚ ತಂದು ಐದನೆಯ ಸೀಸೆಗೆ ಬಿಟ್ಟು, ಉಳಿದವುಗಳ ಪಕ್ಕದಲ್ಲೇ ಇಟ್ಟಳು. ಸುಮ್ಮನೆ ನೋಡೋಣ ಎಂದುಕೊಂಡಳು. ಸುಮ್ಮನೆ ಅಲ್ಲ. ಯಾರಿಗೂ ಸುಮ್ಮನೆ ಹಾಗೆ ಅನ್ನಿಸುವುದಿಲ್ಲ.

ಆ ಸೀಸೆ ಮಾರ್ಚಿನ ಕೊನೆಯ ಹೊತ್ತಿಗೆ ಅಚ್ಚ ಚಹಾದ ಬಣ್ಣಕ್ಕೆ ತಿರುಗಿತು. ಪಕ್ಕದ ನಾಲ್ಕು ಹಸಿರಾಗಿಯೇ ಉಳಿದವು.

ಇಲ್ಮೊ ಬಂದದ್ದು ಬೆಳಗಿನ ಹತ್ತು ಗಂಟೆಗೆ. ಹಿಮದ ಮೇಲೆ ಬಿಸಿಲು ಹೊಳೆಯುತ್ತಿತ್ತು, ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ತೆಳ್ಳಗಾಗಿದ್ದ. ಗಡ್ಡ ಪೂರಾ ಬೆಳ್ಳಗಾಗಿತ್ತು. ಕೈಯಲ್ಲಿ ಮಂಜುಗಡ್ಡೆ ತುಂಬಿದ ಒಂದು ಬಿಳಿ ಪೆಟ್ಟಿಗೆ. ಸೈಮಿ ಬಾಗಿಲಲ್ಲಿ ನಿಂತಿದ್ದಳು. ಬೆಳಗ್ಗೆ ಮೂರು ಸಲ ಬಟ್ಟೆ ಬದಲಾಯಿಸಿ ಕೊನೆಗೆ ಮೊದಲು ಹಾಕಿಕೊಂಡದ್ದನ್ನೇ ಹಾಕಿಕೊಂಡಿದ್ದಳು.

"ಬಂದೆ," ಎಂದ.

"ಬಂದೆ," ಎಂದಳು ಅವಳೂ. "ದಾರಿ ಹೇಗಿತ್ತು?"

"ಚೆನ್ನಾಗಿತ್ತು. ಎಲ್ಲಾ ಕಡೆ ಹಿಮ ತೆಗೆದಿದಾರೆ."

ಕಾಫಿ ಕುಡಿದರು. ಬನ್ನು ಚೆನ್ನಾಗಿದೆ ಎಂದ. ಇನ್ನೊಂದು ತಗೋ ಎಂದಳು. ತಗೊಂಡ. ಹೇಳಬೇಕಾದ ಮಾತನ್ನು ಮುಂದೂಡಿ ಸೈಮಿ ಇನ್ನೊಂದು ಬಟ್ಟಲು ಕಾಫಿ ಸುರಿದಳು. ಐದನೆಯ ಸೀಸೆ ಕೊಟ್ಟು ಕಳಿಸಿದರೆ? ಅಲ್ಲಿ ಹೋಗಿ ಪರೀಕ್ಷೆ ಮಾಡಿದ ಮೇಲೆ ತಿಳಿಯುತ್ತದೆ. ತಿಳಿದ ಮೇಲೆ ಫೋನ್ ಮಾಡುತ್ತಾನೆ, ಏನಾಯಿತು ಎಂದು ಕೇಳಲು. ಆಗ ಇನ್ನೊಂದು ಸಲ ದನಿ ಕೇಳಿಸುತ್ತದೆ. ಮನಸ್ಸು ಅಷ್ಟು ಕೆಳಗೆ ಇಳಿದು ಲೆಕ್ಕ ಹಾಕಿದ್ದನ್ನು ನೋಡಿ ಅವಳಿಗೆ ನಾಚಿಕೆಯಾಯಿತು.

"ನೋಡೋಣ್ವಾ?" ಎಂದು ಇಲ್ಮೊ ಪೆಟ್ಟಿಗೆ ಎತ್ತಿಕೊಂಡ.

ನೆಲಮಾಳಿಗೆಯ ಬಾಗಿಲಿನಿಂದ ಬಿದ್ದ ಬಿಸಿಲು ಕೊನೆಯ ಹಲಗೆಯವರೆಗೂ ಹೋಗಿತ್ತು. ಅವನ ಕಣ್ಣು ಹಸಿರು ಸೀಸೆಗಳನ್ನು ದಾಟಿ ಕೆಂಪು ಸೀಸೆಯ ಮೇಲೆ ನಿಂತಿತು. ಅದನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದ. ಅವನ ಮುಖದಲ್ಲಿ ಮೂಡಿದ್ದು ಸಂತೋಷವೇ, ಸೈಮಿ ಅದನ್ನು ಹತ್ತು ವರ್ಷ ನೋಡಿದವಳು.

"ಎಂಥ ಬಣ್ಣ ನೋಡು," ಎಂದ. "ಚೆನ್ನಾಗಿ ಸಾಕಿದೀಯ ಸೈಮಿ."

"ಅದು ನಿಂದಲ್ಲ."

ಅವನು ತಿರುಗಿದ.

"ತೊರೆ ನೀರು ಅದು. ನಿಂದು ಈ ಹಸಿರು ಇರೋವು. ಸತ್ತೋಗಿದಾವೆ. ಜನವರಿಯಲ್ಲೇ ಸತ್ತವು. ನಾನು ಊರಲ್ಲಿರ್ಲಿಲ್ಲ, ಕೌನೊ ಚಳಿಗೆ ಹೆದರಿ ಸೌನಾದಲ್ಲಿಟ್ಟ. ಅವನ ತಪ್ಪಲ್ಲ. ಬದುಕಿದಾವೆ ಅಂತ ನಿಂಗೆ ಸುಳ್ಳು ಹೇಳ್ದೆ, ಅದು ನನ್ನ ತಪ್ಪು." ಒಂದೇ ಉಸಿರಿನಲ್ಲಿ ಇಷ್ಟು ಹೇಳಿ ಅವಳು ಗೋಡೆಗೆ ಒರಗಿದಳು. "ನಿನ್ನ ಹತ್ತು ವರ್ಷದ ಕೆಲಸ ನನ್ನ ಕೈಯಲ್ಲಿ ಹಾಳಾಯ್ತು ಇಲ್ಮೊ."

ಇಲ್ಮೊ ಸೀಸೆಯನ್ನು ಜೋಪಾನವಾಗಿ ಹಲಗೆಯ ಮೇಲಿಟ್ಟ. ಖಾಲಿ ಆಲೂಗಡ್ಡೆ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಅದರ ಮೇಲೆ ಕುಳಿತ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

"ಹಾಳಾಗಿಲ್ಲ," ಎಂದ.

"ಸತ್ತಿದಾವೆ ಅಂತಿದೀನಿ."

"ಇವು ಸತ್ತಿರ್ಬಹುದು. ಲುಲಿಯೊದಲ್ಲಿ ಇದಾವೆ. ಏಳು ವರ್ಷದ ಹಿಂದೆ ಇಲ್ಲಿಂದ ಹೊರಟಾಗ್ಲೇ ಒಂದು ಪಾಲು ತಗೊಂಡ್ ಹೋಗಿದ್ದೆ. ಡೀಪ್ ಫ್ರೀಜರ್‌ನಲ್ಲಿ ಇಟ್ಟಿದೀವಿ, ಒಂದು ಪೆಟ್ಟಿಗೆ ತುಂಬಾ. ನೂರು ವರ್ಷ ಬಿಟ್ಟು ತೆಗೆದ್ರೂ ಎದ್ದು ಕೂತ್ಕೋತಾವೆ."

ಸೈಮಿ ಹಸಿರು ಸೀಸೆಗಳ ಕಡೆ ಕೈ ತೋರಿಸಿದಳು.

"ಹಾಗಾದ್ರೆ ಇವು ಯಾಕೆ?"

ಇಲ್ಮೊ ಟೋಪಿಯ ಅಂಚನ್ನು ಸುತ್ತಿದ, ಬಿಚ್ಚಿದ.

"ಫೋನ್ ಮಾಡೋದಕ್ಕೆ ಏನಾದ್ರೂ ಬೇಕಿತ್ತು," ಎಂದ. "ಏನಂತ ಮಾಡ್ಲಿ? ಬಾಡಿಗೆಗೆ ಇದ್ದವನು. ಸೀಸೆ ಇದ್ರೆ ಕೇಳ್ಬಹುದು ಅಂತ."

ನಗು ಬರಬೇಕಿತ್ತು. ಅಳುವಾದರೂ ಬರಬೇಕಿತ್ತು. ಸೈಮಿಗೆ ಬಂದದ್ದು ಸಿಟ್ಟು. ಕಾಲಿನಿಂದ ತಲೆಯವರೆಗೆ ಏರಿದ ಅಂಥ ಸಿಟ್ಟನ್ನು ಅವಳು ಯಾವತ್ತೂ ಕಂಡಿರಲಿಲ್ಲ.

"ಏಳು ಚಳಿಗಾಲ," ಎಂದಳು. "ಏಳು ಚಳಿಗಾಲ ಲಾಟೀನು ಹಿಡ್ಕೊಂಡು ಇಲ್ಲಿಗೆ ಇಳ್ದಿದೀನಿ. ಜ್ವರ ಬಂದಾಗ್ಲೂ ಇಳ್ದಿದೀನಿ. ಎರಡು ತಿಂಗಳಿಂದ ನಿದ್ದೆ ಮಾಡಿಲ್ಲ ನಾನು, ಇವು ಸತ್ರೆ ನೀನು ಮಾತಾಡಲ್ಲ ಅಂತ. ಕೌನೊ ಮುಖ ನೋಡೋಕಾಗ್ತಿಲ್ಲ, ನನ್ನ ಪಾಲಿಗೆ ಏನೋ ಕೊಂದ್ಬಿಟ್ಟೆ ಅಂತ ಕೂತಿದಾನೆ ಪಾಪ. ನಿಂಗೆ ಫ್ರೀಜರ್ ತುಂಬಾ ಇತ್ತು."

"ಇತ್ತು."

"ಹೇಳ್ಬಹುದಿತ್ತು."

"ಹೇಳಿದ್ರೆ, ಹಾಗಾದ್ರೆ ಇವನ್ನ ಚೆಲ್ಲಿಬಿಡ್ಲಾ ಅಂತ ಕೇಳ್ತಿದ್ದೆ ನೀನು."

ಅದು ನಿಜ. ಹಾಗೆಯೇ ಕೇಳುತ್ತಿದ್ದಳು. ಅದು ನಿಜ ಎಂಬುದಕ್ಕೇ ಅವಳ ಸಿಟ್ಟು ಇನ್ನೂ ಏರಿತು. ನಲವತ್ತೊಂಬತ್ತಕ್ಕೆ ಅವಳ ಕೂದಲು ಪೂರಾ ಕಪ್ಪಗಿತ್ತು. ಇವನ ಬೆನ್ನು ನೆಟ್ಟಗಿತ್ತು. ಆ ಏಳು ವರ್ಷವನ್ನು ಯಾವ ಫ್ರೀಜರಿನಲ್ಲೂ ಯಾರೂ ಇಟ್ಟಿರಲಿಲ್ಲ.

"ಮಾರ್ಚಲ್ಲಿ ಬರ್ತೀನಿ ಅಂದಿದ್ದು?" ಎಂದಳು. "ಇವನ್ನ ತಗೊಂಡ್ ಹೋಗೋದಕ್ಕೆ ಅಲ್ವಲ್ಲ."

"ನಿವೃತ್ತಿ ಆದ್ಮೇಲೆ ಯಾವ ಮುಖ ಇಟ್ಕೊಂಡು ಸೀಸೆ ವಿಷಯ ಕೇಳ್ಲಿ? ಅದಕ್ಕೆ ಮುಂಚೆ ಒಂದ್ಸಲ ಬಂದು ನೋಡೋಣ ಅನ್ನಿಸ್ತು."

"ಏನನ್ನ?"

ಇಲ್ಮೊ ತಲೆ ಎತ್ತಿದ. ಕಡೆಗೆ ಹೊರಬಂದದ್ದು ಜಗತ್ತಿನಲ್ಲಿ ಯಾರು ಬೇಕಾದರೂ ಯಾರಿಗೆ ಬೇಕಾದರೂ ಕೇಳುವ ಮಾತು.

"ಹೇಗಿದೀಯ ಸೈಮಿ?"

ಚೆನ್ನಾಗಿದೀನಿ ಎನ್ನುವುದು ವಾಡಿಕೆ. ಅದು ನಾಲಿಗೆಯ ತುದಿಗೂ ಬಂದಿತ್ತು. ಅವಳು ಅದನ್ನು ನುಂಗಿದಳು.

"ತಿಂಗಳಿಗೆ ಒಂದೇ ಭಾನುವಾರ ನೀನು ಫೋನ್ ಮಾಡ್ತಿದ್ದಿದ್ದು," ಎಂದಳು. "ಉಳಿದ ಭಾನುವಾರ ನಾನೇನು ಮಾಡ್ತಿದ್ದೆ ಗೊತ್ತಾ ನಿಂಗೆ?"

"ಇಲ್ಲ," ಎಂದ ಇಲ್ಮೊ. "ಹೇಳು."

ಅವಳು ಇನ್ನೊಂದು ಪೆಟ್ಟಿಗೆಯನ್ನು ಎಳೆದು, ಬೋರಲು ಹಾಕಿ, ಅವನ ಪಕ್ಕದಲ್ಲಿ ಕುಳಿತಳು. ಅವನು ಹೋದ ಮೇಲಿನ ಮೊದಲನೆಯ ಭಾನುವಾರದಿಂದ ಹೇಳತೊಡಗಿದಳು.